ಒಂದೂ ಗೆದ್ದಿಲ್ಲ, ನಾಲ್ಕು ಗೆಲ್ಲಿಸಿದ್ದೀನಿ

“ಎಷ್ಟು ರೇಸ್ ಗೆದ್ದಿದ್ದೀಯಪ್ಪ?”

“ಒಂದೂ ಗೆದ್ದಿಲ್ಲ. ನಾಲ್ಕು ಗೆಲ್ಲಿಸಿದ್ದೀನಿ.”

ಮಂಗಳವಾರ ಸಂಜೆ ನಮ್ಮ ಮನೆಯಲ್ಲಿ ನಡೆದ ಮಾತು ಇಷ್ಟೇ. ಕೇಳಿದವರು ನಕ್ಕರು. ಕೆಟ್ಟ ನಗು ಅಲ್ಲ, ಹುಡುಗ ಚುರುಕಾಗಿ ಮಾತು ಹಾರಿಸಿದ ಅನ್ನುವ ಥರದ ನಗು. ಅಕ್ಕನ ಮಗ ನಗಲಿಲ್ಲ. ಮುಂದಿದ್ದ ನೀರಿನ ಲೋಟವನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದ. ನಾನು ಪಕ್ಕದಲ್ಲೇ ಕೂತಿದ್ದೆ. ಏನಾದರೂ ಹೇಳಬೇಕಿತ್ತು, ಹೇಳಲಿಲ್ಲ. ಇವತ್ತು ಭಾನುವಾರ, ಆ ಲೋಟ ಇನ್ನೂ ನನ್ನ ಕಣ್ಣ ಮುಂದೆ ತಿರುಗುತ್ತಿದೆ.

ಅವನಿಗೆ 27 ವರ್ಷ. ಏಳು ಸೀಸನ್ ಸೈಕಲ್ ರೇಸ್ ಓಡಿದ್ದಾನೆ, ಎಲ್ಲ ಸಣ್ಣ ತಂಡಗಳಲ್ಲೇ. ಹೋದ ವಾರ ತಂಡದಿಂದ ಮೆಸೇಜ್ ಬಂತು. ಮುಂದಿನ ವರ್ಷಕ್ಕೆ ನಿನಗೆ ಜಾಗ ಇಲ್ಲ, ಇಲ್ಲಿಯವರೆಗಿನ ಕೆಲಸಕ್ಕೆ ಧನ್ಯವಾದ. ಎರಡೇ ಸಾಲು. ಏಳು ವರ್ಷ, ಎರಡು ಸಲ ಮುರಿದ ಕಾಲರ್‌ಬೋನ್, ತಪ್ಪಿಹೋದ ಎಷ್ಟೋ ಮದುವೆ ಮುಂಜಿ, ಎಲ್ಲದಕ್ಕೂ ಸೇರಿ ಎರಡು ಸಾಲು. ಫೋನ್ ಮಾಡಿ ಹೇಳುವಷ್ಟು ಮರ್ಯಾದೆಯಾದರೂ ಬೇಕಿತ್ತು ಅಂತ ನನಗೆ ಸಿಟ್ಟಿದೆ. ಅವನಿಗೆ ಇಲ್ಲ. “ಎಲ್ರಿಗೂ ಹೀಗೇ ಹೇಳೋದು ಚಿಕ್ಕಮ್ಮ” ಅಂದ.

ಆ ಪ್ರಶ್ನೆ ಕೇಳಿದವರು ನಮಗೆ ಬಹಳ ವರ್ಷದ ಪರಿಚಯ. ಕಷ್ಟಕ್ಕೆ ಆಗುವ ಮನುಷ್ಯ, ಅದನ್ನು ನಾನು ಮರೆತಿಲ್ಲ. ಆದರೆ ಯಾರನ್ನೇ ನೋಡಿದರೂ ಮೊದಲು ಅಂಕಪಟ್ಟಿ ಕೇಳುವ ಸ್ವಭಾವ ಅವರದು. ಎಷ್ಟು ಮಾರ್ಕ್ಸ್, ಎಷ್ಟು ಸಂಬಳ, ಎಷ್ಟನೇ ಸ್ಥಾನ. ಸೈಕಲ್ ರೇಸ್ ಅಂದರೆ ಓಟದ ಸ್ಪರ್ಧೆಯ ಹಾಗೆ, ಎಲ್ಲರೂ ತಮಗಾಗಿಯೇ ಓಡುತ್ತಾರೆ ಅಂತ ಅಂದುಕೊಂಡಿದ್ದರು. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ.

ಎಲ್ಲ ಆಟವೂ ಗಾಳಿಯದು. ಮುಂದಿರುವವನ ಚಕ್ರಕ್ಕೆ ಒಂದು ಗೇಣು ಹತ್ತಿರ ಅಂಟಿಕೊಂಡು ಹೋದರೆ, ಅದೇ ವೇಗಕ್ಕೆ ಸುಮಾರು ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಶಕ್ತಿ ಉಳಿಯುತ್ತದೆ. ದೊಡ್ಡ ಗುಂಪಿನ ಮಧ್ಯದಲ್ಲಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಗೆಲ್ಲಬೇಕಾದವನನ್ನು ಐದು ಗಂಟೆ ಗಾಳಿಗೆ ಬಿಡಬಾರದು. ಬೇರೆ ಯಾರೋ ಎದೆಯೊಡ್ಡಿ ಗಾಳಿ ಸೀಳಬೇಕು. ಬ್ರೇಕ್‌ಅವೇ ಹೋದವರು, ಅಂದರೆ ಗುಂಪು ಬಿಟ್ಟು ಮುಂದೆ ಓಡಿದವರು, ಕೈತಪ್ಪದ ಹಾಗೆ ಅಂತರ ಹಿಡಿದಿಡಬೇಕು. ಟೀಮ್ ಕಾರಿನ ತನಕ ಹಿಂದೆ ಬಂದು, ಜರ್ಸಿಯೊಳಗೆ ಏಳೆಂಟು ಬಾಟಲಿ ತುರುಕಿಕೊಂಡು, ಮತ್ತೆ ಗುಂಪನ್ನು ದಾಟಿ ಮುಂದೆ ಹೋಗಿ ಹಂಚಬೇಕು. ತಂಡದ ಲೀಡರ್‌ಗೆ, ಅಂದರೆ ಗೆಲ್ಲಬೇಕಾದವನಿಗೆ, ಪಂಕ್ಚರ್ ಆದರೆ ತನ್ನ ಚಕ್ರ ಬಿಚ್ಚಿ ಕೊಡಬೇಕು. ಇದನ್ನು ಮಾಡುವವರಿಗೆ ಫ್ರೆಂಚ್‌ನಲ್ಲಿ ಡೊಮೆಸ್ಟೀಕ್ ಅಂತಾರೆ, ಮನೆಗೆಲಸದ ಆಳು ಅಂತ ಅರ್ಥ. ಬೈಗುಳವಾಗಿ ಹುಟ್ಟಿದ ಪದವಂತೆ. ಈಗ ರೈಡರ್‌ಗಳೇ ತಮ್ಮನ್ನು ಹಾಗೆ ಕರೆದುಕೊಳ್ಳುತ್ತಾರೆ. ನನಗೆ ಮಾತ್ರ ಇವತ್ತಿಗೂ ಆ ಪದ ಬಾಯಿಗೆ ಬರುವುದಿಲ್ಲ.

ಅಕ್ಕ ಒಂದು ಮಾತು ಹೇಳುತ್ತಿದ್ದಳು. ಅವನ ರೇಸ್ ಇದ್ದ ದಿನ ಫೋನ್‌ನಲ್ಲಿ ಲೈವ್ ಹಾಕಿಕೊಂಡು ಕೂರುತ್ತಿದ್ದಳಂತೆ. ಸಣ್ಣ ರೇಸ್‌ಗಳಲ್ಲಿ ಕೊನೆಯ ಒಂದು ಗಂಟೆಯೋ ಒಂದೂವರೆ ಗಂಟೆಯೋ ಮಾತ್ರ ತೋರಿಸುತ್ತಾರೆ. ಅಷ್ಟರಲ್ಲಿ ಇವನ ಕೆಲಸ ಮುಗಿದಿರುತ್ತಿತ್ತು. ಕ್ಯಾಮೆರಾ ಬರುವ ಮೊದಲೇ ನೂರು ಕಿಲೋಮೀಟರ್ ಎಳೆದು ಹಿಂದೆ ಸರಿದಿರುತ್ತಿದ್ದ. ಏಳು ವರ್ಷದಲ್ಲಿ ಅಕ್ಕ ಮಗನನ್ನು ಸರಿಯಾಗಿ ನೋಡಿದ್ದು ಎರಡೇ ಸಲ, ಅದರಲ್ಲಿ ಒಂದು ಸಲ ರಸ್ತೆಯಲ್ಲಿ ಬಿದ್ದಿದ್ದಾಗ.

ಮಂಗಳವಾರ ಎಲ್ಲರೂ ಹೋದ ಮೇಲೆ ನಾನು ಕೇಳಿದೆ, “ಆ ನಾಲ್ಕು ಯಾವುದೋ?” ಒಂದೊಂದಾಗಿ ಹೇಳಿದ. ತಾರೀಖು, ದೂರ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಎಷ್ಟನೇ ಕಿಲೋಮೀಟರಿನಲ್ಲಿ ತನ್ನ ಕಾಲು ಸೋತಿತು, ಎಲ್ಲ ನೆನಪಿದೆ ಅವನಿಗೆ. ಮೂರನೆಯದು ಮಳೆಯ ದಿನ. ಲೀಡರ್‌ಗೆ ಪಂಕ್ಚರ್ ಆಯಿತು, ಟೀಮ್ ಕಾರು ತುಂಬಾ ಹಿಂದೆ ಇತ್ತು. ಇವನು ನಿಂತ, ಮುಂದಿನ ಚಕ್ರ ಬಿಚ್ಚಿ ಕೊಟ್ಟ, ಬೆನ್ನಿಗೆ ಕೈ ಇಟ್ಟು ದೂಡಿ ಕಳಿಸಿದ. ಕಾರು ಬರುವ ತನಕ ರಸ್ತೆ ಬದಿಯಲ್ಲಿ ಚಕ್ರವಿಲ್ಲದ ಸೈಕಲ್ ಹಿಡಿದು ನಿಂತಿದ್ದ. ಲೀಡರ್ ಗೆದ್ದ. ಫಲಿತಾಂಶದ ಪಟ್ಟಿಯಲ್ಲಿ ಇವನ ಹೆಸರು ಮೂರನೇ ಪುಟದಲ್ಲಿತ್ತು.

ಇದನ್ನು ಕೇಳುವಾಗ ಅವನೇ ನನಗೆ ಹಿಂದೊಮ್ಮೆ ತೋರಿಸಿದ್ದ ಒಂದು ಹಳೆಯ ಫೋಟೋ ನೆನಪಾಯಿತು. 1934ರ ಟೂರ್ ಡಿ ಫ್ರಾನ್ಸ್, ವಾರಗಟ್ಟಲೆ ನಡೆಯುವ ದೊಡ್ಡ ಸೈಕಲ್ ರೇಸ್. ರೆನೆ ವಿಯೆತ್ತೊ ಅಂತ 20 ವರ್ಷದ ಹುಡುಗ, ಬೆಟ್ಟ ಹತ್ತುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪಿರನೀಸ್ ಬೆಟ್ಟಗಳಲ್ಲಿ ಅವನ ಲೀಡರ್ ಆಂತೊನಿನ್ ಮಾನ್ಯ್‌ನ ಚಕ್ರ ಹೋಯಿತು, ಇವನು ತನ್ನದನ್ನು ಬಿಚ್ಚಿ ಕೊಟ್ಟ. ಆಮೇಲೆ ಕಲ್ಲಿನ ಗೋಡೆ ಮೇಲೆ ಕೂತು ಅತ್ತ. ಆ ಅಳುವಿನ ಫೋಟೋ ಅದು. ಮರುದಿನ ಪೋರ್ತೆ ದಾಸ್ಪೆ ಬೆಟ್ಟದಲ್ಲಿ ಮಾನ್ಯ್‌ಗೆ ಮತ್ತೆ ತೊಂದರೆಯಾಯಿತು. ಮುಂದೆ ಹೋಗಿಬಿಟ್ಟಿದ್ದ ವಿಯೆತ್ತೊ ತಿರುಗಿ, ಬಂದ ದಾರಿಯಲ್ಲೇ ವಾಪಸ್ ಹತ್ತಿ ಬಂದು ನೆರವಾದ. ಮಾನ್ಯ್ ಆ ಟೂರ್ ಗೆದ್ದ. ವಿಯೆತ್ತೊ ಐದನೆಯವನಾದ. ಮುಂದೆ 1947ರಲ್ಲಿ ಎಷ್ಟೋ ದಿನ ಮುನ್ನಡೆಯಲ್ಲಿರುವವನ ಹಳದಿ ಜರ್ಸಿ ಹಾಕಿದ್ದ, ಕೊನೆಯಲ್ಲಿ ಕಳೆದುಕೊಂಡ. ಟೂರ್ ಅವನಿಗೆ ಒಲಿಯಲೇ ಇಲ್ಲ.

ಆ ಫೋಟೋ ನೋಡಿದವರೆಲ್ಲ ತ್ಯಾಗ ತ್ಯಾಗ ಅಂತಾರೆ. ನಾನೂ ಅಂದಿದ್ದೆ. ಇವನು ಒಪ್ಪಿರಲಿಲ್ಲ. “ಚಕ್ರ ಕೊಟ್ಟಿದ್ದಕ್ಕೆ ಅಳ್ತಿಲ್ಲ ಚಿಕ್ಕಮ್ಮ ಅವನು. ಬೇರೆ ಚಕ್ರ ತರೋ ವ್ಯಾನ್ ಬರ್ಲಿಲ್ಲ ಅಂತ ಅಳ್ತಿದ್ದಾನೆ. ನೋಡಿ, ರಸ್ತೆ ಕಡೆ ನೋಡ್ತಿದ್ದಾನೆ” ಅಂದಿದ್ದ. ಅವತ್ತು ನನಗೆ ಪೂರ್ತಿ ಅರ್ಥವಾಗಿರಲಿಲ್ಲ. ಕೊಡುವುದು ಅವರಿಗೆ ಕೆಲಸ, ಅದರಲ್ಲಿ ದುಃಖ ಇಲ್ಲ. ಕೊಟ್ಟಾದ ಮೇಲೆ ಯಾರೂ ಬರದೇ ರಸ್ತೆ ಬದಿಯಲ್ಲಿ ನಿಲ್ಲುವುದಿದೆಯಲ್ಲ, ಅದು ಕಷ್ಟ. ಹೋದ ವಾರದ ಆ ಎರಡು ಸಾಲು ಬಂದ ಮೇಲೆ ಅವನೂ ಹಾಗೇ ನಿಂತಿದ್ದಾನೆ ಅನ್ನಿಸುತ್ತದೆ ನನಗೆ.

ಟಿಮ್ ಡೆಕ್ಲರ್ಕ್ ಅಂತ ಬೆಲ್ಜಿಯಂನ ರೈಡರ್ ಇದ್ದ. ಗಂಟೆಗಟ್ಟಲೆ ಇಡೀ ಪೆಲೊಟನ್ನನ್ನು, ಅಂದರೆ ರೈಡರ್‌ಗಳ ದೊಡ್ಡ ಗುಂಪನ್ನು, ಒಬ್ಬನೇ ಎಳೆಯುತ್ತಿದ್ದ ಅಂತ ಅವನಿಗೆ ಟ್ರಾಕ್ಟರ್ ಅಂತಲೇ ಹೆಸರು. 2021ರ ಟೂರ್‌ನಲ್ಲಿ ಮೊದಲ ದಿನವೇ ಬಿದ್ದ. ಮೈಯೆಲ್ಲ ಗಾಯ. ಆದರೂ ಮೂರು ವಾರ ಓಡಿದ, ಪ್ಯಾರಿಸ್ ಮುಟ್ಟಿದ. 141 ಜನ ಮುಗಿಸಿದರು, ಅವನ ಸ್ಥಾನ 141. ಅದೇ ಟೂರ್‌ನಲ್ಲಿ ಅವನ ತಂಡದ ಮಾರ್ಕ್ ಕ್ಯಾವೆಂಡಿಷ್ ನಾಲ್ಕು ಸ್ಟೇಜ್, ಅಂದರೆ ನಾಲ್ಕು ದಿನದ ಓಟ, ಗೆದ್ದು, ಎಡ್ಡಿ ಮರ್ಕ್ಸ್‌ನ 34 ಗೆಲುವಿನ ದಾಖಲೆ ಮುಟ್ಟಿದ. ಬೆಟ್ಟದ ದಿನಗಳಲ್ಲಿ ಅವನಂಥ ಸ್ಪ್ರಿಂಟರ್‌ಗಳ, ಅಂದರೆ ಕೊನೆಯಲ್ಲಿ ವೇಗವಾಗಿ ನುಗ್ಗಿ ಗೆಲ್ಲುವವರ, ಗೋಳು ಬೇರೆ. ಗೆದ್ದವನ ಸಮಯಕ್ಕೆ ಇಂತಿಷ್ಟು ಶೇಕಡಾ ಸೇರಿಸಿ ಗಡುವು ಹಾಕುತ್ತಾರೆ, ಮೀರಿದರೆ ಮನೆಗೆ. ತೀನ್ಯ್ ಬೆಟ್ಟದ ದಿನ ಕ್ಯಾವೆಂಡಿಷ್ ಆ ಗಡುವಿನೊಳಗೆ ಬಂದಿದ್ದು ಸುಮಾರು ಒಂದೂವರೆ ನಿಮಿಷ ಉಳಿದಿದ್ದಾಗ. ಇನ್ನೊಬ್ಬ ದೊಡ್ಡ ಸ್ಪ್ರಿಂಟರ್ ಅವತ್ತು ಸಮಯ ಮೀರಿ ಹೊರಗೆ ಹೋದ. ಆ ಒಂದೂವರೆ ನಿಮಿಷ ಎಲ್ಲಿಂದ ಬಂತು ಅಂತ ಯಾವ ಪಟ್ಟಿಯಲ್ಲಿ ಹುಡುಕಬೇಕು?

ಕೊನೆಯ ಸ್ಥಾನ ಅಂದರೆ ಸೋತವನು ಅಂತ ನಾವು ಓದಿಕೊಳ್ಳುತ್ತೇವೆ, ಅಲ್ವಾ? ಅವನ ಜೊತೆಯವರು ಹಾಗೆ ಓದುವುದಿಲ್ಲ.

ತಂಡದ ಒಳಗಿನವರಿಗೆ ಗೊತ್ತಿರುತ್ತದೆ, ಹೊರಗಿನ ಲೆಕ್ಕಕ್ಕೆ ಗೊತ್ತಿರುವುದಿಲ್ಲ. ಗೆದ್ದ ಬಹುಮಾನದ ಹಣವನ್ನು ತಂಡದವರೆಲ್ಲ ಹಂಚಿಕೊಳ್ಳುವುದು ಹಳೆಯ ಪದ್ಧತಿ, ಟೂರ್ ಗೆದ್ದವನೂ ತನ್ನ 5 ಲಕ್ಷ ಯೂರೊ ಹಂಚುತ್ತಾನೆ. ಆದರೆ ಸೈಕಲ್ ರೇಸ್ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ ಕೊಡುವ ಪಾಯಿಂಟ್ ಹಂಚಲು ಆಗುವುದಿಲ್ಲ. ಪಾಯಿಂಟ್ ಸಿಗುವುದು ಗೆರೆ ದಾಟಿದ ಸ್ಥಾನಕ್ಕೆ. 150 ಕಿಲೋಮೀಟರ್ ಗಾಳಿ ಸೀಳಿದ್ದಕ್ಕೆ ಸೊನ್ನೆ. ಮೂರು ವರ್ಷದ ಪಾಯಿಂಟ್ ಕೂಡಿಸಿ ಯಾವ ತಂಡ ಮೇಲಿನ ದರ್ಜೆಯಲ್ಲಿ ಉಳಿಯಬೇಕು ಅಂತ ತೀರ್ಮಾನಿಸುವ ಪದ್ಧತಿ ಬಂದ ಮೇಲೆ, 2022ರ ಕೊನೆಗೆ ಎರಡು ದೊಡ್ಡ ತಂಡಗಳು ಕೆಳಗೆ ಇಳಿದವು. ಆಮೇಲೆ ಮ್ಯಾನೇಜರ್‌ಗಳ ಕಣ್ಣು ಪಾಯಿಂಟ್ ಮೇಲೇ. ಹತ್ತನೆಯವನಾಗಿ ಬರುವವನಿಗೆ ಬೆಲೆ ಇದೆ, ಒಂದನೆಯವನನ್ನು ತಂದು ಬಿಡುವವನಿಗೆ ಬೆಲೆ ಕಟ್ಟುವುದು ಕಷ್ಟ. ಮೇಲಿನ ದರ್ಜೆಯಲ್ಲಿ ಕನಿಷ್ಠ ಸಂಬಳ ಅಂತ ಒಂದಾದರೂ ಇದೆ. ಹೆಂಗಸರಿಗೆ ಅದು ಬಂದಿದ್ದೇ 2020ರಲ್ಲಿ, ವರ್ಷಕ್ಕೆ 15,000 ಯೂರೊ. ಅದಕ್ಕೂ ಮೊದಲು ಜಗತ್ತಿನ ಅತ್ಯುತ್ತಮ ತಂಡಗಳ ಹೆಣ್ಣುಮಕ್ಕಳೂ ಬೇರೆ ಕೆಲಸ ಮಾಡಿಕೊಂಡು ಓಡಿದ್ದಾರೆ. ಮೂರನೇ ದರ್ಜೆಯ ತಂಡಗಳಿಗೆ, ಅಂದರೆ ನಮ್ಮ ಹುಡುಗ ಇದ್ದಂಥ ತಂಡಗಳಿಗೆ, ಅಂಥ ಯಾವ ಗ್ಯಾರಂಟಿಯೂ ಇಲ್ಲ. ಸೈಕಲ್ ಕೊಡುತ್ತಾರೆ, ಬಟ್ಟೆ ಕೊಡುತ್ತಾರೆ, ಓಡಾಟದ ಖರ್ಚು ಕೊಡುತ್ತಾರೆ. ಉಳಿದಿದ್ದು ಮನೆಯವರ ಪಾಲು. ಅಕ್ಕ ಒಂದು ದಿನವೂ ಲೆಕ್ಕ ತೆಗೆದವಳಲ್ಲ.

ಈ ನಿಯಮ ಬರೆಯುವವರ ಮೇಲೆ ನನಗೆ ನಿಜವಾಗಿಯೂ ಕೋಪವಿದೆ. ದೊಡ್ಡ ತಂಡಗಳ ಬಹುತೇಕ ಎಲ್ಲ ಸೈಕಲ್ಲಿನಲ್ಲೂ ಇವತ್ತು ತುಳಿತದ ಶಕ್ತಿ ಅಳೆಯುವ ವಾಟ್ ಮೀಟರ್ ಇದೆ. ಯಾರು ಎಷ್ಟು ಶಕ್ತಿ ಹಾಕಿದರು ಅಂತ ಸೆಕೆಂಡಿನ ಲೆಕ್ಕದಲ್ಲಿ ಗೊತ್ತಾಗುತ್ತದೆ. ಆದರೂ ಗೆರೆಯನ್ನಷ್ಟೇ ನೋಡುತ್ತಾರೆ.

ಒಮ್ಮೊಮ್ಮೆ ಬೇರೆ ಥರ ಆಗುವುದೂ ಉಂಟು. 2023ರಲ್ಲಿ ಅಮೆರಿಕದ ರೈಡರ್ ಸೆಪ್ ಕಸ್ ಮೂರೂ ದೊಡ್ಡ ಟೂರ್ ಓಡಿದ. ಇಟಲಿಯಲ್ಲಿ ತನ್ನ ತಂಡದ ರೊಗ್ಲಿಚ್‌ಗೆ ದುಡಿದ, ರೊಗ್ಲಿಚ್ ಗೆದ್ದ. ಫ್ರಾನ್ಸ್‌ನಲ್ಲಿ ಅದೇ ತಂಡದ ವಿಂಗೆಗೋರ್‌ಗೆ ದುಡಿದ, ವಿಂಗೆಗೋರ್ ಗೆದ್ದ. ಸ್ಪೇನ್‌ನಲ್ಲಿ ಮುನ್ನಡೆಯಲ್ಲಿರುವವನ ಕೆಂಪು ಜರ್ಸಿ ಇವನ ಮೈಮೇಲೇ ಬಂದು ಕೂತಿತು. ಆಂಗ್ಲಿರು ಬೆಟ್ಟದ ದಿನ ಅದೇ ಇಬ್ಬರು ಅವನನ್ನು ಹಿಂದೆ ಬಿಟ್ಟು ಹೊರಟರು. ಸಂಜೆ ಲೆಕ್ಕ ಮಾಡಿದಾಗ ಕಸ್ ಬಳಿ ಉಳಿದಿದ್ದು 8 ಸೆಕೆಂಡ್. ಅವತ್ತು ನಾನೂ ಅಕ್ಕನ ಮಗನೂ ಒಟ್ಟಿಗೆ ನೋಡುತ್ತಿದ್ದೆವು. ನಾನು ಕೂಗಾಡಿದೆ, ಇದು ಅನ್ಯಾಯ ಅಂತ. ಅವನು ಮಾತೇ ಆಡಲಿಲ್ಲ, ಪರದೆ ಬಿಟ್ಟು ಕಣ್ಣು ತೆಗೆಯಲಿಲ್ಲ. ಮುಂದಿನ ದಿನಗಳಲ್ಲಿ ಅವರಿಬ್ಬರೂ ಕಸ್‌ನ ಪರವಾಗಿ ಓಡಿದರು, ಕಸ್ ಆ ರೇಸ್ ಗೆದ್ದ. ಕೊನೆಯ ದಿನ ನಮ್ಮ ಹುಡುಗ ಎದ್ದು ಹೊರಗೆ ಹೋಗಿ ಸೈಕಲ್ ಒರೆಸುತ್ತಾ ಕೂತ. ಆ ಸಂಜೆಯಷ್ಟು ಖುಷಿಯಾಗಿ ಅವನನ್ನು ನಾನು ನೋಡಿದ್ದು ಕಡಿಮೆ.

ಇವತ್ತು ಬೆಳಿಗ್ಗೆ ಅವನ ಜೊತೆ ನಾನೂ ಸೈಕಲ್ ತೆಗೆದೆ. ನಾನೇ ಕೇಳಿದ್ದು, ಕರೆದುಕೊಂಡು ಹೋಗ್ತೀಯಾ ಅಂತ. ಮಂಗಳವಾರ ಬಾಯಿ ಬಿಡದೇ ಕೂತಿದ್ದಕ್ಕೆ ಏನಾದರೂ ಮಾಡಬೇಕು ಅನ್ನಿಸಿತ್ತು. ಬರುವಾಗ ಎದುರು ಗಾಳಿ. “ನನ್ನ ಚಕ್ರ ನೋಡ್ಬೇಡಿ, ನನ್ನ ಸೊಂಟ ನೋಡಿ. ಹತ್ರ ಬನ್ನಿ. ಇನ್ನೂ ಹತ್ರ” ಅಂದ. ಹೋದೆ. ಒಂದು ಕ್ಷಣದಲ್ಲಿ ಗಾಳಿಯ ಸದ್ದೇ ನಿಂತುಹೋಯಿತು. ಬಾಗಿಲು ಹಾಕಿದ ಹಾಗೆ. ನನ್ನ ಕಾಲು ತಾನಾಗಿ ತಿರುಗುತ್ತಿತ್ತು. ಅವನ ಜರ್ಸಿ ಮಾತ್ರ ಪಟಪಟ ಹೊಡೆದುಕೊಳ್ಳುತ್ತಿತ್ತು.

ಸ್ವಲ್ಪ ಹೊತ್ತಿಗೆ ನಾನು ಹಟ ಮಾಡಿ ಮುಂದೆ ಹೋದೆ. ಒಂದು ನಿಮಿಷವೂ ಇರಲಿಲ್ಲ, ಎದೆ ಒಡೆದುಹೋಗುವ ಹಾಗಾಯಿತು. ಅವನು ಪಕ್ಕಕ್ಕೆ ಬಂದು ಮೊಣಕೈ ಅಲ್ಲಾಡಿಸಿ ತೋರಿಸಿದ, ಬಿಡಿ ಅನ್ನುವ ಹಾಗೆ. ರೇಸ್‌ನಲ್ಲಿ ಅದೇ ಸನ್ನೆಯಂತೆ, ಕೈ ಬಿಡದೇ ಮೊಣಕೈ ಅಲ್ಲಾಡಿಸಿದರೆ ಜಾಗ ಬದಲಾಯಿಸು ಅಂತ. ನಾನು ಮತ್ತೆ ಹಿಂದಾದೆ.

ಅಲ್ಲಿಂದ ಮನೆ ತನಕ ಅವನು ಸರಿಯಾಗಿ ಮುಂದೆ ನೋಡಿದ್ದೇ ನನಗೆ ಕಾಣಲಿಲ್ಲ. ಪ್ರತಿ ಹತ್ತು ಸೆಕೆಂಡಿಗೆ ತಲೆ ತಗ್ಗಿಸಿ, ತನ್ನ ತೋಳಿನ ಕೆಳಗಿನಿಂದ ನನ್ನ ಮುಂದಿನ ಚಕ್ರ ನೋಡುತ್ತಿದ್ದ. ಏಳು ವರ್ಷ ಹೀಗೇ ತುಳಿದಿದ್ದಾನೆ. ಸಣ್ಣ ಏರು ಬಂತು. ನಾನು ಒಂದು ಚೂರು ಹಿಂದೆ ಬಿದ್ದೆ, ಅವನಿಗೆ ಅದು ಹೇಗೋ ಗೊತ್ತಾಯಿತು. ವೇಗ ಇಳಿಸಿದ.

“ಇದ್ದೀರಾ?” ಅಂತ ತಿರುಗದೇ ಕೇಳಿದ.

“ಇದ್ದೀನಿ” ಅಂದೆ.

ಮತ್ತೆ ತುಳಿಯತೊಡಗಿದ.