ಅನಾಥಾಶ್ರಮ ಶುರು ಮಾಡೋಕೆ ಏನೇನು ಬೇಕು?

ದಾವಣಗೆರೆಯಲ್ಲಿ ಟ್ರಸ್ಟುಗಳ ಕಾಗದಪತ್ರ ನೋಡಿಕೊಳ್ಳುವ ಕೆಲಸ ನನ್ನದು. ಊರ ಹೊರಗೆ ಸೈಟು ಇರುವವರು, ರಿಟೈರಾದ ಮೇಷ್ಟ್ರು, ತಾಯಿ ಹೆಸರಲ್ಲಿ ಏನಾದರೂ ಮಾಡಬೇಕೆನ್ನುವ ಅಂಗಡಿ ಸಾಹುಕಾರರು, ಎಲ್ಲರೂ ಕೇಳುವುದು ಇದನ್ನೇ: "ಒಂದು ಅನಾಥಾಶ್ರಮ ತೆಗೀಬೇಕು ಸರ್, ಟ್ರಸ್ಟ್ ಮಾಡಿಕೊಡ್ರಿ. ಮತ್ತೇನು ಬೇಕಾಗುತ್ತೆ?"

ಟ್ರಸ್ಟ್ ದೊಡ್ಡ ಮಾತಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್, ಪ್ಯಾನ್, ಬ್ಯಾಂಕ್ ಖಾತೆ, ತೆರಿಗೆ ವಿನಾಯಿತಿಗೆ ಆದಾಯ ತೆರಿಗೆ ಇಲಾಖೆಯ ನೋಂದಣಿ. ಆದರೆ ಇಷ್ಟೂ ಇದ್ದರೂ ಒಂದು ಮಗುವನ್ನೂ ಇಟ್ಟುಕೊಳ್ಳುವ ಹಕ್ಕು ಬರುವುದಿಲ್ಲ. ಅದಕ್ಕೆ 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಅಡಿ ಬೇರೆ ನೋಂದಣಿ ಬೇಕು. 2021ರ ತಿದ್ದುಪಡಿಯ ನಂತರ ಅದಕ್ಕೆ ಜಿಲ್ಲಾಧಿಕಾರಿಗಳ ಶಿಫಾರಸೂ ಬೇಕು. ಅವಧಿ ಐದು ವರ್ಷ, ಆಮೇಲೆ ನವೀಕರಣ. ನೋಂದಣಿಯಿಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಕನಿಷ್ಠ ಒಂದು ಲಕ್ಷ ದಂಡ, ಅಥವಾ ಎರಡೂ.

ಕಟ್ಟಡದ ವಿಷಯಕ್ಕೆ ಬಂದರೆ, "ಮೇಲಿನ ಎರಡು ರೂಮು ಖಾಲಿ ಇವೆ" ಅನ್ನುವುದು ನಡೆಯಲ್ಲ. ಕೇಂದ್ರದ 2016ರ ಮಾದರಿ ನಿಯಮಗಳ ಪ್ರಕಾರ 50 ಮಕ್ಕಳಿಗೆ ತಲಾ ಸಾವಿರ ಚದರಡಿಯ ಎರಡು ಮಲಗುವ ಹಾಲ್, ಎಂಟು ಶೌಚಾಲಯ, ಐದು ಬಚ್ಚಲು, ರೋಗಿ ಮಕ್ಕಳಿಗೆ ಪ್ರತ್ಯೇಕ ಕೋಣೆ. ಗೃಹಮಾತೆ, ಆಪ್ತಸಮಾಲೋಚಕರು, ಕರೆದಾಗ ಬರುವ ವೈದ್ಯರು ಇರಬೇಕು. ಸಂಬಳ ತಿಂಗಳು ತಿಂಗಳು ಕೊಡಬೇಕು. ಕಟ್ಟಡಕ್ಕೆ ದಾನಿಗಳು ಸಿಗುತ್ತಾರೆ, ಗೃಹಮಾತೆಯ ಸಂಬಳಕ್ಕೆ ಯಾರೂ ಸಿಗಲ್ಲ. ಸಂಬಳಕ್ಕೆ ಕೊಟ್ಟರೆ ಗೋಡೆ ಮೇಲೆ ಹೆಸರು ಬರಲ್ಲವಲ್ಲ!

ಜನರಿಗೆ ಅರಗದ ಮಾತು ಇನ್ನೊಂದಿದೆ. ಮಕ್ಕಳನ್ನು ನೀವು ಹುಡುಕಿ ತರುವಂತಿಲ್ಲ. ರೈಲು ನಿಲ್ದಾಣದಲ್ಲಿ ಮಗು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಹೋಗಬೇಕು, 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕೆಂದು ತೀರ್ಮಾನಿಸುವುದು ಸಮಿತಿ. ಯಾರೋ ಬಾಗಿಲಲ್ಲಿ ಹಸುಗೂಸು ಬಿಟ್ಟುಹೋದರೂ ಅಷ್ಟೇ. ಮಕ್ಕಳಿಲ್ಲದ ನೆಂಟರಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳೋಣ ಅಂದುಕೊಂಡರೆ ಮೂರು ವರ್ಷದವರೆಗೆ ಜೈಲು. ದತ್ತು ಕೊಡುವ ಸಂಸ್ಥೆಗೆ ಬೇರೆಯದೇ ಮಾನ್ಯತೆ ಇದೆ.

ಆಶ್ರಮಕ್ಕೆ ಬಂದು ಬರ್ತ್‌ಡೇ ಮಾಡಿಕೊಳ್ಳುವವರ ವಿಷಯವನ್ನೂ ಹೇಳಿಬಿಡುತ್ತೇನೆ. ಒಂದು ಕಡೆ, ಒಂದು ಗಂಟೆಗೆ ಊಟಕ್ಕೆ ಕೂತ ಮಕ್ಕಳು ಖಾಲಿ ತಟ್ಟೆ ಮುಂದಿಟ್ಟುಕೊಂಡು ಎರಡೂವರೆವರೆಗೆ ಕಾದಿದ್ದನ್ನು ನೋಡಿದ್ದೇನೆ. ಕೇಕ್ ತರುವವರ ಕಾರು ಇನ್ನೂ ಪಿ.ಜೆ. ಬಡಾವಣೆಯಲ್ಲೇ ಇತ್ತು. ಬಂದವರು ಮೊಬೈಲ್ ಎತ್ತಿದ ಕೂಡಲೇ ಮುಂದಿನ ಸಾಲಿನ ಹುಡುಗ ಯಾರೂ ಹೇಳದೆಯೇ ಎರಡು ಬೆರಳೆತ್ತಿ ನಕ್ಕ, ಅಷ್ಟು ರೂಢಿಯಾಗಿತ್ತು. ಇಂಥ ಮಕ್ಕಳ ಫೋಟೊ ಪ್ರಕಟಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಅಪರಾಧ. ಸ್ಟೇಟಸ್‌ಗೆ ಹಾಕಲ್ಲ ಅಂತ ಬರೆಸಿಕೊಂಡೇ ಒಳಗೆ ಬಿಡಬೇಕು.

ಅದಕ್ಕೇ ನಾನು ಬಂದವರಿಗೆ ಮೊದಲು ಕೇಳುವುದು: ಆಶ್ರಮವೇ ಯಾಕೆ? ಇಂಥ ಕಡೆ ಸೇರುವ ಎಷ್ಟೋ ಮಕ್ಕಳಿಗೆ ಅವ್ವನೋ ಅಜ್ಜಿಯೋ ಇದ್ದೇ ಇರುತ್ತಾರೆ. ಅಪ್ಪ ಸತ್ತು, ಅವ್ವ ಕೂಲಿಗೆ ಹೋಗಿ, ಸಾಕಲಾಗದೆ ತಂದು ಬಿಟ್ಟಿರುತ್ತಾರೆ. ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿ ಎಂದು ಕಾಯ್ದೆಯೇ ಹೇಳುತ್ತದೆ. ಮಕ್ಕಳ ರಕ್ಷಣೆಗಿರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದಡಿ ಇಂಥ ಮಗುವಿಗೆ ಮನೆಯಲ್ಲೇ ಬೆಳೆಯಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಸಿಗುತ್ತದೆ. ಹಳ್ಳಿಯಲ್ಲಿ ಕುಟುಂಬದ ವರಮಾನ ವರ್ಷಕ್ಕೆ 72,000, ಉಳಿದೆಡೆ 96,000 ಮೀರಿರಬಾರದು. ಜಗಳೂರು ಕಡೆಯ ಹಳ್ಳಿಯೊಂದರ ಹೆಣ್ಣುಮಗಳಿಗೆ ಈ ಅರ್ಜಿ ಬರೆದುಕೊಟ್ಟು, ದಾಖಲೆ ಜೋಡಿಸಿಕೊಟ್ಟರೆ ಒಂದು ಮಗು ಆಶ್ರಮ ಸೇರುವುದು ತಪ್ಪಬಹುದು. ಅದಕ್ಕೆ ಸೈಟೂ ಬೇಡ, ಟ್ರಸ್ಟೂ ಬೇಡ.

ಇಷ್ಟು ಕೇಳಿದ ಮೇಲೂ ಆಶ್ರಮವೇ ಆಗಬೇಕು ಎನ್ನುವವರು ಬುನಾದಿ ತೋಡುವ ಮುಂಚೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ. ಜಿಲ್ಲೆಯಲ್ಲಿ ಕೊರತೆ ಇರುವುದು ಗಂಡುಮಕ್ಕಳಿಗೋ, ಹೆಣ್ಣುಮಕ್ಕಳಿಗೋ, ವಿಶೇಷಚೇತನ ಮಕ್ಕಳಿಗೋ ಕೇಳಿ. ಡೀಡ್ ಬರೆಸೋಕೆ ಅದಾದ ಮೇಲೆ ಬನ್ನಿ.