ಲ್ಯಾಬ್‌ನಲ್ಲಿ ನೂರು ಬಂದ ಮೇಲೆ ಏನು ನೋಡಬೇಕು?

“ಅಕ್ಕಾ, ಲ್ಯಾಬ್‌ನಲ್ಲಿ ನೂರು ಪರ್ಸೆಂಟ್ ಬಂತು. ಮುಂದಿನ ಲ್ಯಾಬ್ ಶುರು ಮಾಡ್ಲಾ?”

“ಇರಪ್ಪ. ಪಿಂಗ್‌ನಲ್ಲಿ ಮೊದಲು ಒಂದು ಚುಕ್ಕೆ ಬಂದಿದೆಯಲ್ಲ, ಅದು ಯಾಕೆ ಹೇಳು.”

ನನ್ನ ಸಹೋದ್ಯೋಗಿ ಇನ್ನೊಮ್ಮೆ ಪಿಂಗ್ ಹೊಡೆದ, ಅಂದರೆ ಎದುರಿನ ಸಾಧನ ಉತ್ತರ ಕೊಡುತ್ತದೆಯೇ ಅಂತ ಪರೀಕ್ಷಾ ಪ್ಯಾಕೆಟ್ ಕಳಿಸಿದ. ಈ ಸಲ ಚುಕ್ಕೆ ಇಲ್ಲ. “ಈಗ ಸರಿಹೋಯ್ತಲ್ಲಕ್ಕ” ಅಂದ. ಹೋಯಿತು, ನಿಜ. ಆದರೆ ಅದು ತಾನಾಗೇ ಹೇಗೆ ಸರಿಹೋಯಿತು?

ನಾವಿಬ್ಬರೂ ದಾವಣಗೆರೆಯಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಸಣ್ಣ ಕಚೇರಿಯಲ್ಲಿ ಕೆಲಸ ಮಾಡುತ್ತೇವೆ. ಸಿಸ್ಕೋ ಕಂಪನಿಯ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಆದ ಸಿಸಿಎನ್‌ಎಗೆ, ಅಂದರೆ 200-301 ಪರೀಕ್ಷೆಗೆ, ಒಟ್ಟಿಗೆ ಓದುತ್ತಿದ್ದೇವೆ. ಮಧ್ಯಾಹ್ನ ಕರೆಗಳು ಕಡಿಮೆ. ಆಗ ಪ್ಯಾಕೆಟ್ ಟ್ರೇಸರ್ ತೆಗೆಯುತ್ತೇವೆ. ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೋದ ಸಾಫ್ಟ್‌ವೇರ್ ಅದು; ಲ್ಯಾಬ್ ಎಷ್ಟು ಮುಗಿದಿದೆ ಅಂತ ಪರ್ಸೆಂಟೇಜ್‌ನಲ್ಲಿ ತೋರಿಸುವುದೂ ಅದೇ.

ಆ ಚುಕ್ಕೆಯ ವಿಷಯಕ್ಕೆ ಬರೋಣ. ಸಿಸ್ಕೋ ರೂಟರ್‌ನಲ್ಲಿ ಪಿಂಗ್ ಕೊಟ್ಟರೆ ಐದು ಪ್ಯಾಕೆಟ್ ಹೋಗುತ್ತವೆ. ಒಂದೊಂದರ ಉತ್ತರಕ್ಕೂ 2 ಸೆಕೆಂಡ್ ಕಾಯುತ್ತದೆ. ಉತ್ತರ ಬಂದರೆ ಆಶ್ಚರ್ಯಸೂಚಕ ಚಿಹ್ನೆ, ಬರದಿದ್ದರೆ ಚುಕ್ಕೆ. ಮೊದಲ ಪ್ಯಾಕೆಟ್ ಹೊರಡುವಾಗ ಎದುರಿನ ಸಾಧನದ ಐಪಿ ಮಾತ್ರ ರೂಟರ್‌ಗೆ ಗೊತ್ತಿರುತ್ತದೆ, ಮ್ಯಾಕ್ ಅಡ್ರೆಸ್, ಅಂದರೆ ಆ ಯಂತ್ರದ ನೆಟ್‌ವರ್ಕ್ ಪೋರ್ಟಿನ ಸ್ವಂತ ವಿಳಾಸ, ಗೊತ್ತಿರುವುದಿಲ್ಲ. ಹಾಗಾಗಿ ಮೊದಲು ಎಆರ್‌ಪಿ, ಅಂದರೆ ‘ಈ ಐಪಿ ಯಾರದು, ನಿಮ್ಮ ಮ್ಯಾಕ್ ಏನು’ ಅನ್ನುವ ಸಂದೇಶ, ಕಳಿಸಿ ಕೇಳುತ್ತದೆ. ಉತ್ತರ ಬರುವಷ್ಟರಲ್ಲಿ ಆ ಪ್ಯಾಕೆಟ್ ಬಿದ್ದುಹೋಗಿರುತ್ತದೆ. ಉಳಿದ ನಾಲ್ಕು ಸಲೀಸಾಗಿ ಹೋಗುತ್ತವೆ. ಅದಕ್ಕೇ ಪಿಂಗ್ ಫಲಿತಾಂಶ 80 ಪರ್ಸೆಂಟ್. ಎರಡನೇ ಸಲ ಪಿಂಗ್ ಹೊಡೆದಾಗ ಎಆರ್‌ಪಿ ಟೇಬಲ್‌ನಲ್ಲಿ ಅಡ್ರೆಸ್ ಆಗಲೇ ಕೂತಿರುತ್ತದೆ, ಚುಕ್ಕೆಯ ಮಾತೇ ಇಲ್ಲ. ನಡುವೆ ಇನ್ನೂ ರೂಟರ್‌ಗಳಿದ್ದರೆ ಮೊದಲ ಸಲ ಒಂದಕ್ಕಿಂತ ಜಾಸ್ತಿ ಚುಕ್ಕೆ ಬೀಳಬಹುದು. ಸಿಮ್ಯುಲೇಷನ್ ಮೋಡ್‌ಗೆ ಹೋಗಿ ಒಂದೊಂದೇ ಹೆಜ್ಜೆ ನೋಡಿದರೆ ಇದೆಲ್ಲ ಕಣ್ಣೆದುರೇ ನಡೆಯುತ್ತದೆ. ಎಆರ್‌ಪಿ ಪಾಠವನ್ನು ನಾನು ಪುಸ್ತಕಕ್ಕಿಂತ ಚೆನ್ನಾಗಿ ಕಲಿತದ್ದು ಆ ಚುಕ್ಕೆಯಿಂದ.

ಲ್ಯಾಬ್‌ನ ಪರ್ಸೆಂಟೇಜ್ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಏನು ಹೇಳುತ್ತದೆ ಅಂತ ತಿಳಿದಿರಬೇಕು ಅಷ್ಟೇ. ಲ್ಯಾಬ್ ಬರೆದವರು ಒಳಗೊಂದು ಉತ್ತರ ಇಟ್ಟಿರುತ್ತಾರೆ, ನಾವು ಮಾಡಿದ್ದನ್ನು ಪ್ಯಾಕೆಟ್ ಟ್ರೇಸರ್ ಅದರ ಜೊತೆ ತಾಳೆ ನೋಡುತ್ತದೆ. ಎಲ್ಲ ಕಡೆ ಪಿಂಗ್ ಹೋಗುತ್ತಿದ್ದರೂ ಹೋಸ್ಟ್‌ನೇಮ್ (ಸಾಧನಕ್ಕಿಟ್ಟ ಹೆಸರು) ಸ್ವಲ್ಪ ಬೇರೆ ಇದ್ದರೆ ಅಂಕ ಹೋಯಿತು. ‘ಚೆಕ್ ರಿಸಲ್ಟ್ಸ್’ನಲ್ಲಿ ಯಾವ ಸಾಲು ತಪ್ಪಿದೆ ಅಂತ ನೋಡಿ ತಿದ್ದಬಹುದು. ಆದರೆ ನೆಟ್‌ವರ್ಕ್ ಹೇಗೆ ನಡೆಯುತ್ತಿದೆ ಅಂತ ಹೇಳುವುದು ಸಾಧನದ ಈಗಿನ ಸ್ಥಿತಿ ತೋರಿಸುವ ‘ಶೋ’ ಕಮಾಂಡ್‌ಗಳು ಮಾತ್ರ.

ಓಎಸ್‌ಪಿಎಫ್ ಲ್ಯಾಬ್ ತೆಗೆದುಕೊಳ್ಳಿ. ರೂಟರ್‌ಗಳು ದಾರಿಗಳ ಮಾಹಿತಿಯನ್ನು ತಮ್ಮತಮ್ಮಲ್ಲಿ ಹಂಚಿಕೊಳ್ಳುವ ಪದ್ಧತಿ ಅದು; ಹಾಗೆ ಹಂಚಿಕೊಳ್ಳುವ ಪಕ್ಕದ ರೂಟರೇ ‘ನೇಬರ್’. ರೂಟಿಂಗ್ ಬರುವ ಐಪಿ ಕನೆಕ್ಟಿವಿಟಿ ಭಾಗಕ್ಕೆ ಪರೀಕ್ಷೆಯಲ್ಲಿ 25 ಪರ್ಸೆಂಟ್ ತೂಕವಿದೆ, ಹಾಗಾಗಿ ಇಲ್ಲಿ ಅವಸರ ಬೇಡ. ಒಂದೇ ಸ್ವಿಚ್‌ಗೆ ನಾಲ್ಕು ರೂಟರ್ ಜೋಡಿಸಿ ‘ಶೋ ಐಪಿ ಓಎಸ್‌ಪಿಎಫ್ ನೇಬರ್’ ಕೊಟ್ಟರೆ, ಎರಡು ರೂಟರ್‌ಗಳಲ್ಲಿ ಒಂದು ಸಾಲು ‘ಫುಲ್’ (ಮಾಹಿತಿ ಪೂರ್ತಿ ಹಂಚಿಕೊಂಡ ಸ್ಥಿತಿ) ಆಗದೆ ‘ಟೂ-ವೇ’ಯಲ್ಲೇ (ಬರೀ ಪರಸ್ಪರ ಗುರುತಿಸಿದ ಸ್ಥಿತಿ) ನಿಂತಿರುತ್ತದೆ. ತುಂಬಾ ಜನ ಇದನ್ನು ತಪ್ಪು ಅಂದುಕೊಂಡು ಕಾನ್ಫಿಗರೇಷನ್ ಅಳಿಸಿ ಮತ್ತೆ ಮಾಡುತ್ತಾರೆ. ಅದು ತಪ್ಪಲ್ಲ. ಡಿಆರ್ (ಆ ಜಾಲಕ್ಕೆ ಆಯ್ಕೆಯಾದ ಮುಖ್ಯ ರೂಟರ್), ಬಿಡಿಆರ್ (ಅದರ ಬದಲಿ) ಅಲ್ಲದ ರೂಟರ್‌ಗಳು ತಮ್ಮತಮ್ಮಲ್ಲಿ ಅಲ್ಲಿಗೇ ನಿಲ್ಲಬೇಕು. ಹತ್ತು ರೂಟರ್ ಇದ್ದು ಎಲ್ಲರೂ ಎಲ್ಲರ ಜೊತೆ ಫುಲ್ ಆದರೆ 45 ಜೋಡಿಗಳಾಗುತ್ತವೆ. ಡಿಆರ್, ಬಿಡಿಆರ್ ಇದ್ದರೆ 17 ಸಾಕು.

ಅದೇ ಔಟ್‌ಪುಟ್‌ನಲ್ಲಿ ‘ಡೆಡ್ ಟೈಮ್’ ಅಂತ ಒಂದು ಕಾಲಂ ಇದೆ. ನನಗೆ ತುಂಬಾ ಇಷ್ಟವಾದ ಕಾಲಂ ಅದು. ಈಥರ್ನೆಟ್‌ನಲ್ಲಿ ‘ನಾನಿದ್ದೇನೆ’ ಅನ್ನುವ ಹಲೋ ಸಂದೇಶ 10 ಸೆಕೆಂಡಿಗೊಮ್ಮೆ; ಅದು ಬರದಿದ್ದರೆ ನೇಬರ್ ಇಲ್ಲ ಅಂದುಕೊಳ್ಳುವ ಮುಂಚೆ ಕಾಯುವ ಡೆಡ್ ಟೈಮರ್ 40. ಎಲ್ಲ ಸರಿಯಿದ್ದಾಗ ಆ ಸಂಖ್ಯೆ 30ರಿಂದ 40ರ ನಡುವೆಯೇ ಓಡಾಡುತ್ತಿರುತ್ತದೆ. ಲ್ಯಾಬ್ ಮುಗಿದ ಮೇಲೆ ಬೇಕಂತಲೇ ಒಂದು ಕಡೆ ಹಲೋ ಇಂಟರ್ವಲ್ (ಎರಡೂ ಕಡೆ ಒಂದೇ ಇರಬೇಕಾದದ್ದು) ಬದಲಿಸಿ, ಎದುರಿನ ರೂಟರ್‌ನಲ್ಲಿ ಕಮಾಂಡ್ ಮತ್ತೆ ಮತ್ತೆ ಕೊಡಿ. 27, 19, 8... ಸೊನ್ನೆ ಮುಟ್ಟುತ್ತಲೇ ನೇಬರ್ ಡೌನ್. ಆದರೆ ಕೇಬಲ್ ಮೇಲಿನ ಹಸಿರು ಗುರುತು ಮಾತ್ರ ಹಾಗೇ ಇರುತ್ತದೆ! ಸಂಜೆ ಹೊತ್ತು ಗ್ರಾಹಕರು ಫೋನ್ ಮಾಡಿ “ಲೈಟ್ ಹಸಿರೇ ಇದೆ ಮೇಡಂ, ನೆಟ್ ಮಾತ್ರ ಇಲ್ಲ” ಅನ್ನುತ್ತಾರಲ್ಲ, ಅಲ್ಲಿ ಓಎಸ್‌ಪಿಎಫ್ ಇರುವುದಿಲ್ಲ, ಆದರೂ ವಿಚಾರ ಒಂದೇ. ತಂತಿ ಜೋಡಿದೆ ಅಂದ ಮಾತ್ರಕ್ಕೆ ಮೇಲಿನ ಪದರಗಳೂ ಕೆಲಸ ಮಾಡುತ್ತಿವೆ ಅಂತಲ್ಲ.

ಯಾವ ಪ್ಯಾಕೆಟ್ ಬಿಡಬೇಕು, ಯಾವುದನ್ನು ತಡೆಯಬೇಕು ಅಂತ ಹೇಳುವ ಆಕ್ಸೆಸ್ ಲಿಸ್ಟ್ ಲ್ಯಾಬ್‌ಗೂ ಒಂದು ಮಾತು. ‘ಶೋ ಆಕ್ಸೆಸ್-ಲಿಸ್ಟ್ಸ್’ ಕೊಟ್ಟರೆ ಪ್ರತಿ ಸಾಲಿಗೆ ಎಷ್ಟು ಪ್ಯಾಕೆಟ್ ತಾಗಿವೆ ಅಂತ ಲೆಕ್ಕ ಬರುತ್ತದೆ. ಕೊನೆಗೆ ಕಾಣದಂತೆ ಇರುವ ‘ಡಿನೈ’ ಸಾಲಿನ ಲೆಕ್ಕ ಮಾತ್ರ ಅಲ್ಲಿ ಬರುವುದಿಲ್ಲ. ಅದಕ್ಕೆ ಆ ಸಾಲನ್ನು ನಾವೇ ಬರೆದುಬಿಡಬೇಕು. ಆಗ ಏನೇನು ತಡೆಯಾಗುತ್ತಿದೆ ಅಂತ ಸಂಖ್ಯೆಯಲ್ಲೇ ಕಾಣುತ್ತದೆ.

ಈಗ ನಾವಿಬ್ಬರೂ ಕಮಾಂಡ್ ಕೊಡುವ ಮುಂಚೆ ಏನು ಬರಬೇಕು ಅಂತ ನೋಟ್‌ಬುಕ್‌ನಲ್ಲಿ ಬರೆಯುತ್ತೇವೆ, ಆಮೇಲೆ ಎಂಟರ್ ಒತ್ತುತ್ತೇವೆ. ಬರೆದದ್ದೂ ಬಂದದ್ದೂ ಬೇರೆಯಾದರೆ ಅವತ್ತು ಹೊಸ ಲ್ಯಾಬ್ ಇಲ್ಲ, ಅದೇ ಸಾಲಿನ ಹಿಂದೆ ಬೀಳುತ್ತೇವೆ. ಮುಂದಿನ ಸರದಿ ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ದೊಡ್ಡದಿರಬಹುದು ಅನ್ನುವ ಮಿತಿ. ಎರಡು ಕಡೆ ಬೇರೆ ಬೇರೆ ಇಟ್ಟರೆ ಓಎಸ್‌ಪಿಎಫ್ ನೇಬರ್ ‘ಫುಲ್’ ಆಗುವ ಮುಂಚಿನ ‘ಎಕ್ಸ್‌ಸ್ಟಾರ್ಟ್’ ಹಂತದಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಯಾಕೆಟ್ ಟ್ರೇಸರ್‌ನಲ್ಲಿ ಎಲ್ಲ ಕಮಾಂಡ್ ಇರುವುದಿಲ್ಲ, ಹಾಗಾಗಿ ಕಚೇರಿಯ ಮೂಲೆಯಲ್ಲಿ ಸುಮ್ನೆ ಕೂತಿರುವ ಎರಡು ಹಳೇ ರೂಟರ್ ಕೇಳಿಟ್ಟಿದ್ದೇನೆ. ಅವಕ್ಕೆ ಕಂಪ್ಯೂಟರ್ ಜೋಡಿಸುವ ಕನ್ಸೋಲ್ ಕೇಬಲ್ ಒಂದು ಸಿಗಬೇಕು.