ನೆಲಬೇವಿನ ಕಹಿಯನ್ನು ಅಳೆಯಹೊರಟಾಗ

ಬಳ್ಳಾರಿಯ ಗ್ರಂದಿಗೆ ಅಂಗಡಿಯಿಂದ ತಂದ ನೆಲಬೇವಿನ ಪುಡಿಯಲ್ಲಿ ಎಲೆ ಎಷ್ಟು, ಕಡ್ಡಿ ಎಷ್ಟು ಎಂಬುದನ್ನು ಕಣ್ಣಿನಿಂದ ಹೇಳಲಾಗದು. ಗಿಡದ ಕಹಿಗೆ ಮುಖ್ಯ ಕಾರಣವಾದ ಆಂಡ್ರೋಗ್ರಾಫೊಲೈಡ್ ಎಲೆಯಲ್ಲೇ ಹೆಚ್ಚಾಗಿರುವುದರಿಂದ, ಅದನ್ನು ಅಳೆದರೆ ಪುಡಿಯ ಯೋಗ್ಯತೆ ತಿಳಿದೀತೆಂದು, ಆ ಪುಡಿಯನ್ನೂ ನಾವೇ ಬಿಡಿಸಿ ಒಣಗಿಸಿದ ಎಲೆ, ಕಡ್ಡಿಗಳನ್ನೂ ಬೇರೆಬೇರೆಯಾಗಿ ಮೆಥನಾಲ್‌ನಲ್ಲಿ ನೆನೆಸಿ, ಸೋಸಿ, ಸಾರವನ್ನು ಒಣಗಿಸಿಟ್ಟಿದ್ದೆವು.

ಮಿಶ್ರಣದ ಸಂಯುಕ್ತಗಳನ್ನು ಬೇರ್ಪಡಿಸಿ ಅಳೆಯುವ ಎಚ್‌ಪಿಎಲ್‌ಸಿ ವಿಧಾನದಲ್ಲಿ ಅಳೆಯಬೇಕಾದ ಸಂಯುಕ್ತವೇ ಶುದ್ಧ ರೂಪದಲ್ಲಿ ಕೈಯಲ್ಲಿರಬೇಕು, ಅದು ದುಬಾರಿ. ಕಾಂತಕ್ಷೇತ್ರದಲ್ಲಿಟ್ಟ ಅಣುಗಳ ಪ್ರೋಟಾನುಗಳ (ಜಲಜನಕದ ಬೀಜಕಣಗಳ) ಸಂಕೇತವನ್ನು ಶಿಖರಗಳಾಗಿ ತೋರಿಸುವ ಎನ್‌ಎಂಆರ್‌ನಲ್ಲಿ ಶಿಖರದ ವಿಸ್ತೀರ್ಣವು ಆ ಪ್ರೋಟಾನುಗಳ ಸಂಖ್ಯೆಯನ್ನು ಅನುಸರಿಸುತ್ತದೆ, ಅವು ಯಾವ ಅಣುವಿನವಾದರೂ ಸರಿ. ಆದ್ದರಿಂದ ಶುದ್ಧತೆ ಗೊತ್ತಿರುವ ಮಲೆಯಿಕ್ ಆಮ್ಲವನ್ನು ಅಳತೆಗೋಲಾಗಿ ತೂಗಿ ಸಾರದ ಜೊತೆಗೆ ಕರಗಿಸಿದರೆ ಸಾಕು. ಆಮ್ಲದ ಶಿಖರ 6.3 ಪಿಪಿಎಂ (ನಕ್ಷೆಯಲ್ಲಿ ಶಿಖರದ ಸ್ಥಾನ ಹೇಳುವ ಅಳತೆ) ಆಸುಪಾಸಿನಲ್ಲಿ ಎರಡು ಪ್ರೋಟಾನುಗಳದ್ದು, ಆಂಡ್ರೋಗ್ರಾಫೊಲೈಡ್‌ನದು 6.6ರ ಬಳಿ ಒಂದರದ್ದು. ಎರಡರ ವಿಸ್ತೀರ್ಣ ಸಮನಾಗಿ ಬಂದರೆ ತೂಕವೂ ಸಮವೆಂದು ಭಾವಿಸಬಾರದು: ಅಣುಭಾರಗಳು 116 ಮತ್ತು 350 ಆಗಿರುವುದರಿಂದ, ಆಂಡ್ರೋಗ್ರಾಫೊಲೈಡ್ ಆಮ್ಲದ ಸುಮಾರು 6 ಪಟ್ಟು ತೂಗುತ್ತದೆ.

ಹೀಗಾಗಿ ಕೋಟಿಗಟ್ಟಲೆ ಬೆಲೆಯ ಯಂತ್ರವೂ ಕೊನೆಗೆ ತಕ್ಕಡಿಯನ್ನೇ ನಂಬಿಕೊಂಡಿರುತ್ತದೆ. ಏಪ್ರಿಲ್‌ನ ಬಳ್ಳಾರಿ ಬಿಸಿಲಿನಲ್ಲಿ ಫ್ಯಾನ್ ಆರಿಸಿ, ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ, ಕೊನೆಯ ಅಂಕಿ ನಿಲ್ಲುವವರೆಗೆ ಬೆವರೊರೆಸಿಕೊಳ್ಳುತ್ತ ಕಾದೆವು. ಸಾರವನ್ನು ಕರಗಿಸಿದ ದ್ರಾವಕವೆಂದರೆ ಜಲಜನಕದ ಬದಲು ಅದರ ಭಾರವಾದ ರೂಪವಾದ ಡ್ಯೂಟೀರಿಯಂ ತುಂಬಿದ ಡಿಎಂಎಸ್‌ಒ ಎಂಬ ದ್ರವ, 20 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುವಂಥದ್ದು. ನಮ್ಮೂರಿನ ಬೇಸಿಗೆಯಲ್ಲಿ ಆ ಭಯವಂತೂ ಇರಲಿಲ್ಲ.

ನಳಿಕೆಗಳನ್ನು ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಒಯ್ದು, ಮರುದಿನ 400 ಮೆಗಾಹರ್ಟ್ಸ್ ಯಂತ್ರದಲ್ಲಿ ಇಟ್ಟೆವು. ಯಂತ್ರ ನಡೆಸುವವರು ಪ್ರೋಟಾನುಗಳನ್ನು ಕೆಣಕುವ ರೇಡಿಯೋ ಅಲೆಯ ಪ್ರತಿ ಸ್ಪಂದನದ ನಂತರ 30 ಸೆಕೆಂಡು ಬಿಡುವು ಕೊಡಿಸಿದರು. ಈ ಬಿಡುವನ್ನು ಕಡಿತಗೊಳಿಸುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಮಲೆಯಿಕ್ ಆಮ್ಲದ ಪ್ರೋಟಾನುಗಳು ಮೊದಲಿನ ಸ್ಥಿತಿಗೆ ಮರಳುವುದು ನಿಧಾನವಾಗಿ. ಅವು ಮರಳುವ ಮೊದಲೇ ಮುಂದಿನ ಸ್ಪಂದನ ಬಿದ್ದರೆ ಅವುಗಳ ಶಿಖರ ಕುಗ್ಗಿ, ಗಿಡದಲ್ಲಿ ಇಲ್ಲದ ಸತ್ವ ಇದ್ದಂತೆ ಲೆಕ್ಕ ಬರುತ್ತದೆ. ಔಷಧಿಯ ಗುಣಮಟ್ಟ ಹೇಳಹೊರಟವರಿಗೆ ಇದಕ್ಕಿಂತ ಅಪಾಯದ ಅವಸರ ಬೇರೊಂದಿಲ್ಲ.

4.6 ಮತ್ತು 4.8ರ ಶಿಖರಗಳೂ ಆಂಡ್ರೋಗ್ರಾಫೊಲೈಡ್‌ನವೇ ಆದರೂ, ಕಚ್ಚಾ ಸಾರದ ಸಕ್ಕರೆಗಳು ಆ ಭಾಗದಲ್ಲೇ ಗುಂಪುಗೂಡಿದ್ದರಿಂದ ಅವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. 6.6ರ ಶಿಖರ ಎಲೆಯ ಸಾರದಲ್ಲಿ ಎದ್ದು ಕಂಡಿತು, ಅಂಗಡಿಯ ಪುಡಿಯಲ್ಲಿ ಅದಕ್ಕಿಂತ ಗಿಡ್ಡವಾಗಿತ್ತು. ಕಡ್ಡಿಯದು ಗದ್ದಲದ ಗೆರೆಯಿಂದ (ಹಿನ್ನೆಲೆಯ ಸಣ್ಣ ಏರಿಳಿತಗಳಿಂದ) ಸ್ವಲ್ಪವೇ ಮೇಲೆದ್ದಿತ್ತು. ಅದನ್ನು ಎರಡರಷ್ಟು ಸ್ಪಷ್ಟಗೊಳಿಸಲು ನಾಲ್ಕರಷ್ಟು ಸ್ಪಂದನಗಳು ಬೇಕಾದ್ದರಿಂದ, ಆ ನಳಿಕೆಯೊಂದನ್ನು ರಾತ್ರಿಯ ಸರದಿಗೆ ಬರೆಸಿದೆವು.